ಗೀರು ನಡುಗುತ್ತದೆ, ನಡುಗಲಿ ಬಿಡಿ

ಬಳ್ಳಾರಿ ಕೌಲ್‌ಬಜಾರಿನ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: ಚಿಕ್ಕಂದಿನಲ್ಲಿ ಅವರ ಶಾಲೆಯಲ್ಲಿ ಕ್ರಿಸ್‌ಮಸ್ ರಜೆ ಬಿಡುವ ಮುಂಚಿನ ದಿನ ವಿಸಿಆರ್ ಹಚ್ಚಿ ‘ದಿ ಸ್ನೋಮ್ಯಾನ್’ ಕಾರ್ಟೂನ್ ಸಿನಿಮಾ ತೋರಿಸುತ್ತಿದ್ದರು; ಹುಡುಗನೊಬ್ಬ ಕಟ್ಟಿದ ಹಿಮದ ಗೊಂಬೆ ಜೀವ ತಳೆದು ಅವನನ್ನು ಆಕಾಶದಲ್ಲಿ ಹಾರಿಸಿಕೊಂಡು ಹೋಗುವ ಕಥೆ ಅದು. ಹೋದ ವರ್ಷ ಅಣ್ಣನ ಮಗ ಅದನ್ನೇ 43 ಇಂಚಿನ ಹೊಸ ಟಿವಿಯಲ್ಲಿ ಹಾಕಿದಾಗ ಅದೇ ಸಿನಿಮಾ ಅನ್ನಿಸಲಿಲ್ಲ. ಹಿಮದ ಗೊಂಬೆಯ ಮುಖ ಊದಿತ್ತು, ಮೈಗೆ ಮೇಣ ಬಳಿದಂತಿತ್ತು, ಕೆಲವು ಕಡೆ ಬಣ್ಣ ಮಿಣಮಿಣ ಹರಿದಾಡುತ್ತಿತ್ತು. ಮೊದಲಿಗೆ ಹೊಲದಲ್ಲಿ ನಡೆದು ಬರುತ್ತಿದ್ದ ಮನುಷ್ಯನೂ ಕಾಣಲಿಲ್ಲ. ಈಗ ಶಾಲೆಯ ಹಳೇ ಕ್ಯಾಸೆಟ್ ಅವರ ಕೈಗೆ ಬಂದಿದೆ. ಸುರುಳಿಯ ಮೇಲೆ ಬಿಳಿ ಪುಡಿ ಕೂತಿದೆ. ಈ ಕ್ರಿಸ್‌ಮಸ್‌ಗೆ ಓಣಿಯ ಮಕ್ಕಳಿಗೆ ಮಾಳಿಗೆ ಮೇಲೆ ಸಿನಿಮಾ ತೋರಿಸುವ ಆಸೆ. ‘ನನ್ನ ಕಣ್ಣು ಬದಲಾಯಿತೋ, ಸಿನಿಮಾ ಬದಲಾಯಿತೋ? ಈ ಕ್ಯಾಸೆಟ್ ಉಳಿಯುತ್ತದೆಯೋ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ಕಣ್ಣು ಸರಿಯಾಗಿಯೇ ಇದೆ. ನೀವು ಗಮನಿಸಿದ ಒಂದೊಂದಕ್ಕೂ ಬೇರೆ ಬೇರೆ ಕಾರಣವಿದೆ, ಹೆಚ್ಚಿನವನ್ನು ರಿಮೋಟ್ ಹಿಡಿದು ಹತ್ತು ನಿಮಿಷದಲ್ಲಿ ಸರಿಪಡಿಸಬಹುದು. ಆದರೆ ಬಣ್ಣ ಹರಿದಾಡುವುದನ್ನು ಮಾತ್ರ ಸರಿಪಡಿಸಲು ಹೋಗಬೇಡಿ. ಆ ಸಿನಿಮಾದ ಜೀವ ಇರುವುದೇ ಅಲ್ಲಿ.

ಬ್ರಿಟನ್ನಿನ ಚಿತ್ರಕಾರ ರೇಮಂಡ್ ಬ್ರಿಗ್ಸ್ 1978ರಲ್ಲಿ ತಂದ ಮೂಲ ಪುಸ್ತಕದಲ್ಲಿ ಒಂದು ಮಾತೂ ಇಲ್ಲ, ಬರೀ ಚಿತ್ರ. ಮಸಿಯ ಗೆರೆ ಎಳೆದು ಒಳಗೆ ಬಣ್ಣ ತುಂಬುವ ಪದ್ಧತಿ ಬಿಟ್ಟು, ಇಡೀ ಪುಸ್ತಕವನ್ನು ಅವರು ಬಣ್ಣದ ಪೆನ್ಸಿಲ್ಲಿನಲ್ಲೇ ಮಾಡಿದರು. ಲಂಡನ್ನಿನ ಟಿವಿಸಿ ಸ್ಟುಡಿಯೋದಲ್ಲಿ ಜಾನ್ ಕೋಟ್ಸ್ ನಿರ್ಮಾಣ, ಡಯಾನ್ ಜಾಕ್ಸನ್ ನಿರ್ದೇಶನದಲ್ಲಿ ಅದು ಸಿನಿಮಾ ಆದಾಗ ಆ ಪೆನ್ಸಿಲ್ಲಿನ ಗುಣವನ್ನು ಬಿಟ್ಟುಕೊಡಲಿಲ್ಲ. ಆ ಕಾಲದ ಕಾರ್ಟೂನುಗಳಲ್ಲಿ ಪಾರದರ್ಶಕ ಸೆಲ್ ಹಾಳೆಯ ಒಂದು ಬದಿಗೆ ಕಪ್ಪು ಗೆರೆ, ಹಿಂಬದಿಗೆ ಸಪಾಟಾದ ಪೇಂಟ್. ಒಂದೇ ಡಬ್ಬಿಯ ಬಣ್ಣವಾದ್ದರಿಂದ ಸಾವಿರ ಹಾಳೆ ಬದಲಾದರೂ ಅಂಗಿಯ ಕೆಂಪು ಕದಲುವುದಿಲ್ಲ. ‘ಸ್ನೋಮ್ಯಾನ್’ ತಂಡದವರು ಸೆಲ್ ಮೇಲೆ ಕ್ರೇಯಾನ್, ಪಾಸ್ಟೆಲ್ ಕಡ್ಡಿಗಳಿಂದ ಗೀರಿದರು. ಹಿನ್ನೆಲೆಗೂ ಅವೇ ಕಡ್ಡಿಗಳು, ಇಲ್ಲವಾದರೆ ಗೊಂಬೆ ಒಂದು ಲೋಕದಲ್ಲಿ, ಮನೆ ಇನ್ನೊಂದರಲ್ಲಿ ನಿಂತಂತೆ ಕಾಣುತ್ತಿತ್ತು.

ಕೈಯಿಂದ ಗೀರಿದ್ದು ಎರಡು ಸಲ ಒಂದೇ ತರಹ ಬೀಳುವುದಿಲ್ಲ. ಹಿಮಗೊಂಬೆ ಸುಮ್ಮನೆ ನಿಂತಿದ್ದರೂ ಹಾಳೆ ಬದಲಾದಂತೆ ಅದರ ಹೊಟ್ಟೆಯ ಮೇಲಿನ ನೀಲಿ-ಬೂದು ಗೀರುಗಳು ಜಾಗ ಬದಲಿಸುತ್ತವೆ. ನಿಮಗೆ ಮಿಣಮಿಣ ಅನ್ನಿಸಿದ್ದು ಇದೇ. ನಮ್ಮ ಕಡೆಯ ತೊಗಲುಗೊಂಬೆ ಆಟದಲ್ಲಿ ಪರದೆ ಹಿಂದಿನ ದೀಪ ಅಲುಗಿದಾಗ ನಿಂತ ಗೊಂಬೆಯೂ ಉಸಿರಾಡಿದಂತೆ ಕಾಣುತ್ತದಲ್ಲ, ಹಾಗೆ. ಒರಟು ಲೆಕ್ಕ ಹಾಕಿ ನೋಡಿ: ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್, 26 ನಿಮಿಷಕ್ಕೆ 39,000 ಫ್ರೇಮ್. ಕೈಚಿತ್ರದ ಆನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುತ್ತಾರೆ. ಹಾಗೆ ಹಿಡಿದರೂ ಹತ್ತೊಂಬತ್ತು ಸಾವಿರದ ಮೇಲೆ ಚಿತ್ರಗಳಾದವು. ಹಾರುವ ಭಾಗದಲ್ಲಂತೂ ಕೆಳಗಿನ ಗುಡ್ಡ, ಊರು, ಕಾಡು ಕೂಡ ನೋಟದ ಕೋನ ತಿರುಗಿದಂತೆ ತಿರುಗುತ್ತವೆ. ಒಂದು ಉದ್ದ ಹಿನ್ನೆಲೆ ಚಿತ್ರವನ್ನು ಪಕ್ಕಕ್ಕೆ ಸರಿಸಿದರೆ ಈ ಪರಿಣಾಮ ಬರುವುದಿಲ್ಲ. ನೆಲವನ್ನೂ ಮತ್ತೆ ಮತ್ತೆ ಬಿಡಿಸಬೇಕು.

ಈಗ ನಿಮ್ಮ ಟಿವಿಗೆ ಬರೋಣ. ಹೊಸ ಟಿವಿಗಳಲ್ಲಿ ಚಲನೆಯನ್ನು ನಯಗೊಳಿಸುವ ಒಂದು ಸೌಲಭ್ಯ ಇರುತ್ತದೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲ್ಯಾರಿಟಿ. ಎರಡು ಫ್ರೇಮುಗಳ ನಡುವೆ ಇಲ್ಲದ ಫ್ರೇಮನ್ನು ಟಿವಿ ತಾನೇ ಕಟ್ಟಿ ಸೇರಿಸುತ್ತದೆ. ಕ್ರಿಕೆಟ್‌ಗೆ ಅದು ಚೆನ್ನ. ಕ್ರೇಯಾನ್ ಚಿತ್ರಕ್ಕೆ ಹಚ್ಚಿದರೆ, ಮೊದಲಿನ ಹಾಳೆಯ ಗೀರನ್ನೂ ಮುಂದಿನ ಹಾಳೆಯ ಗೀರನ್ನೂ ಬೆರೆಸಿ ಎರಡೂ ಅಲ್ಲದ ಮಸುಕು ಮಾಡಿಡುತ್ತದೆ. ಜೊತೆಗೆ ನಾಯ್ಸ್ ರಿಡಕ್ಷನ್ ಆನ್ ಇದ್ದರೆ, ಕ್ಷಣ ಕ್ಷಣಕ್ಕೆ ಬದಲಾಗುವ ಸಣ್ಣ ಚುಕ್ಕೆಯೆಲ್ಲ ಕಸ ಎಂದು ತಿಳಿದು ಒರೆಸಿ ಹಾಕುತ್ತದೆ. ಮೇಣ ಬಳಿದ ಮೈ ಬಂದದ್ದು ಹೀಗೆ. ಒರೆಸಲಾಗದ ಕಡೆ ಗೀರು ಉಳಿದು, ಪಕ್ಕದಲ್ಲೇ ನುಣುಪು ಇರುವುದರಿಂದ ನಡುಕ ಇನ್ನಷ್ಟು ಕಣ್ಣಿಗೆ ಹೊಡೆಯುತ್ತದೆ.

ಆದ್ದರಿಂದ ಪಿಕ್ಚರ್ ಮೋಡ್ ಅನ್ನು ‘ಸಿನಿಮಾ’ಕ್ಕೆ ಇಡಿ, ‘ಫಿಲ್ಮ್‌ಮೇಕರ್’ ಇದ್ದರೆ ಅದು ಇನ್ನೂ ಒಳ್ಳೆಯದು, ಚಲನೆಯ ನಯಗಾರಿಕೆ ಅದರಲ್ಲಿ ತಾನಾಗಿಯೇ ಬಂದ್ ಆಗುತ್ತದೆ. ಉಳಿದ ಮೋಡ್‌ಗಳಲ್ಲಿ ಮೇಲೆ ಹೇಳಿದ ಸೌಲಭ್ಯವನ್ನು ಕೈಯಾರೆ ಆಫ್ ಮಾಡಿ. ನಾಯ್ಸ್ ರಿಡಕ್ಷನ್, ಡೈನಾಮಿಕ್ ಕಾಂಟ್ರಾಸ್ಟ್ ಎರಡೂ ಆಫ್. ಶಾರ್ಪ್‌ನೆಸ್ ತೀರಾ ಕೆಳಕ್ಕೆ ಇಳಿಸಿ, ಹೆಚ್ಚಿದ್ದರೆ ಪ್ರತಿ ಗೀರಿನ ಸುತ್ತ ಬಿಳಿ ಅಂಚು ಏಳುತ್ತದೆ. ಟಿವಿಯ ಈ ಸೆಟ್ಟಿಂಗುಗಳು ಒಂದೊಂದು ಎಚ್‌ಡಿಎಂಐ ಪೋರ್ಟಿಗೂ ಒಂದೊಂದು ಆ್ಯಪಿಗೂ ಬೇರೆ ಬೇರೆ ಉಳಿಯುವುದುಂಟು. ಸಿನಿಮಾ ಯಾವುದರಿಂದ ಓಡಿಸುತ್ತೀರೋ ಅದನ್ನೇ ಹಚ್ಚಿಟ್ಟುಕೊಂಡು ಬದಲಿಸಿ.

ಮುಖ ಊದಿದ್ದು ಬೇರೆ ತಂಟೆ. ಸಿನಿಮಾ 4:3 ಆಕಾರದ್ದು (ಅಗಲ ನಾಲ್ಕು ಪಾಲಾದರೆ ಎತ್ತರ ಮೂರು), ಟಿವಿ 16:9. ಪರದೆ ತುಂಬಲೆಂದು ಟಿವಿ ಅದನ್ನು ಅಗಲಕ್ಕೆ ಎಳೆದರೆ ಎಲ್ಲವೂ ಮೂರನೇ ಒಂದು ಭಾಗ ದಪ್ಪ ಆಗುತ್ತದೆ. ಪಿಕ್ಚರ್ ಸೈಜ್‌ನಲ್ಲಿ 4:3 ಅಥವಾ ‘ಒರಿಜಿನಲ್’ ಆರಿಸಿ. ನಿಮ್ಮ 43 ಇಂಚಿನ ಪರದೆಯಲ್ಲಿ ಚಿತ್ರ ಸುಮಾರು 28 ಇಂಚು ಅಗಲ, 21 ಇಂಚು ಎತ್ತರ ಬರಬೇಕು. ಎಡಬಲಕ್ಕೆ ಐದಿಂಚಿಗೆ ತುಸು ಕಡಿಮೆ ಕಪ್ಪು ಪಟ್ಟಿ ಉಳಿಯುತ್ತದೆ. ಟೇಪು ಹಿಡಿದು ಅಳೆದು ನೋಡಿ. ಆ ಪಟ್ಟಿ ಕಂಡು ಮಕ್ಕಳು ಪರದೆ ಚಿಕ್ಕದಾಯಿತೆಂದು ತಕರಾರು ತೆಗೆದರೂ ಬದಲಿಸಬೇಡಿ.

ಇಷ್ಟಾದರೂ ಅಗಲ ಪರದೆ ತುಂಬಿಯೇ ಬರುತ್ತಿದ್ದರೆ, ಮುಖವೂ ದುಂಡಗೇ ಇದ್ದರೆ, ನಿಮ್ಮ ಅಣ್ಣನ ಮಗ ಹಾಕಿದ್ದು ಕತ್ತರಿಸಿದ ಆವೃತ್ತಿ. ಸಿನಿಮಾದ ಇಪ್ಪತ್ತನೇ ವರ್ಷಕ್ಕೆ ಬಂದ ಆವೃತ್ತಿಯಲ್ಲಿ ಚಿತ್ರದ ಮೇಲಿಂದ ಕೆಳಗಿಂದ ಒಟ್ಟು ಕಾಲು ಭಾಗ ಕೊಯ್ದು 16:9ಕ್ಕೆ ಕೂರಿಸಿದ್ದಾರೆ. ಹಾರುವಾಗ ಹುಡುಗ, ಗೊಂಬೆ ಇಬ್ಬರ ಮೇಲೂ ಕೆಳಗೂ ಇರುವ ಬಯಲೇ ಆ ದೃಶ್ಯದ ಅರ್ಧ ಬಲ. ಅಲ್ಲಿಂದ ಕಾಲು ಭಾಗ ಹೋದರೆ ಆಕಾಶ ಕುಗ್ಗಿದಂತೆ ಕಾಣುತ್ತದೆ. ಇದಕ್ಕೆ ರಿಮೋಟಿನಲ್ಲಿ ಮದ್ದಿಲ್ಲ, 4:3 ಪ್ರತಿಯನ್ನೇ ಹುಡುಕಬೇಕು.

ಆವೃತ್ತಿ ಗುರುತಿಸಲು ಆರಂಭ ನೋಡಿದರೆ ಸಾಕು. 1982ರ ಡಿಸೆಂಬರ್ 26ರಂದು ಬ್ರಿಟನ್ನಿನ ಚಾನೆಲ್ 4ರಲ್ಲಿ ಮೊದಲ ಸಲ ಬಂದಾಗ ಬ್ರಿಗ್ಸ್ ಅವರೇ ಹೊಲದಲ್ಲಿ ನಡೆಯುತ್ತ ಆ ಚಳಿಗಾಲವನ್ನು ನೆನೆಯುತ್ತಿದ್ದರು. ನಿಮ್ಮ ನೆನಪಿನ ಮನುಷ್ಯ ಅವರೇ. ಅಮೆರಿಕದ ನೋಡುಗರಿಗೆಂದು ಗಾಯಕ ಡೇವಿಡ್ ಬೋವಿ ಮನೆಯ ಅಟ್ಟದಲ್ಲಿ ಮಫ್ಲರ್ ಹಿಡಿದು ಮಾತಾಡುವ ಇನ್ನೊಂದು ಆರಂಭ ಮಾಡಿದರು. ಇಪ್ಪತ್ತನೇ ವರ್ಷದ್ದರಲ್ಲಿ ನಟ ಮೆಲ್ ಸ್ಮಿತ್ ದನಿಯ ಕ್ರಿಸ್‌ಮಸ್ ತಾತ ಬರುತ್ತಾನೆ; ಕತ್ತರಿ ಬಿದ್ದದ್ದು ಇದಕ್ಕೇ. ಮೊದಲ ಎರಡರಲ್ಲಿ ಯಾವುದು ಸಿಕ್ಕರೂ ತೊಂದರೆ ಇಲ್ಲ, ಆದರೆ ಬ್ರಿಗ್ಸ್ ಆರಂಭವೇ ಈ ಸಿನಿಮಾಕ್ಕೆ ಸರಿ. ಬೋವಿಯ ಕೈಯ ಮಫ್ಲರು ಕೊನೆಯ ದೃಶ್ಯದ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟುಬಿಡುತ್ತದೆ. ಹಾಗೆಯೇ ಒಂದು ಮಾತು: ಹಾರುವಾಗಿನ ಹಾಡನ್ನು ಗಾಯಕ ಆಲೆಡ್ ಜೋನ್ಸ್ ಹಾಡಿದ್ದೆಂದು ಬಹಳ ಜನ ನಂಬಿದ್ದಾರೆ. ಜೋನ್ಸ್ ಧ್ವನಿಮುದ್ರಣ 1985ರದು. ಸಿನಿಮಾದಲ್ಲಿರುವ ದನಿ ಸೇಂಟ್ ಪಾಲ್ಸ್ ಕೆಥೀಡ್ರಲ್‌ನ ಗಾಯನ ತಂಡದ ಹುಡುಗ ಪೀಟರ್ ಆಟಿಯದು. ಮೂಲ ಪ್ರತಿಯಲ್ಲಿ ಅವನ ಹೆಸರೇ ಬರುವುದಿಲ್ಲ, ಇಪ್ಪತ್ತನೇ ವರ್ಷದಲ್ಲಿ ಸೇರಿಸಿದರು. ಸಂಗೀತ ಹೋವರ್ಡ್ ಬ್ಲೇಕ್ ಅವರದು.

ಇನ್ನು ಕ್ಯಾಸೆಟ್. ಬಿಳಿ ಪುಡಿ ಅಂದರೆ ಬೂಷ್ಟು. ನಮ್ಮ ಕಡೆ ಒಣ ಹವೆ, ಬೂಷ್ಟು ಬರುವುದಿಲ್ಲ ಎಂದುಕೊಳ್ಳುತ್ತೇವೆ. ಮಳೆಗಾಲದಲ್ಲಿ ಗೋಡೆಗೆ ಹತ್ತಿದ ಬೀರುವಿನೊಳಗೆ ಮುಚ್ಚಿಟ್ಟರೆ ಅಷ್ಟು ತೇವವೇ ಸಾಕು. ದಯವಿಟ್ಟು ‘ಒಂದು ಸಲ ಹಾಕಿ ನೋಡೋಣ’ ಎಂದು ವಿಸಿಆರ್‌ಗೆ ತುರುಕಬೇಡಿ. ಬೂಷ್ಟಿನ ಪುಡಿ ಟೇಪಿನಿಂದ ಚಿತ್ರ ಓದುವ ಹೆಡ್ಡಿಗೆ ಮೆತ್ತಿ ಚಿತ್ರ ಬರೀ ಚುಕ್ಕೆ ಆಗುತ್ತದೆ, ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಸುತ್ತುಗಳು ಒಂದಕ್ಕೊಂದು ಅಂಟಿದ್ದರೆ ಟೇಪು ಹರಿಯುವುದೂ ಉಂಟು.

ಒಂದು ಸಮಾಧಾನವಿದೆ. ನಮ್ಮಲ್ಲಿ ಬಳಕೆಯಲ್ಲಿದ್ದ, ಪಾಲ್ ಎಂಬ ಟಿವಿ ಪದ್ಧತಿಯ ವಿಎಚ್‌ಎಸ್‌ನಲ್ಲಿ ಟೇಪು ಸೆಕೆಂಡಿಗೆ 23.39 ಮಿಲಿಮೀಟರ್ ಓಡುತ್ತದೆ. 26 ನಿಮಿಷಕ್ಕೆ ಸುಮಾರು 36 ಮೀಟರ್ ಆಯಿತು. ಮೂರು ತಾಸಿನ ಕ್ಯಾಸೆಟ್ಟಿನ 250 ಮೀಟರ್ ಕೈಯಲ್ಲಿ ಒರೆಸುವುದು ಹಿಂಸೆ. 36 ಮೀಟರ್ ಒಂದು ಮಧ್ಯಾಹ್ನದ ಕೆಲಸ. ಬ್ರಿಟನ್ನಿನದೂ ಪಾಲ್ ಪದ್ಧತಿಯೇ. ಅಲ್ಲಿಂದ ಬಂದ ಕ್ಯಾಸೆಟ್ ನಿಮ್ಮ ಶಾಲೆಯ ವಿಸಿಆರ್‌ನಲ್ಲಿ ತಕರಾರಿಲ್ಲದೆ ಓಡಿದ್ದು ಅದಕ್ಕೇ.

ಮೊದಲು ಕ್ಯಾಸೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಜೊತೆ ಒಂದು ವಾರ ಇಡಿ. ಒಣಗಿದ ಬೂಷ್ಟು ಪುಡಿಯಾಗಿ ಉದುರುತ್ತದೆ, ಹಸಿಯದು ಉಜ್ಜಿದರೆ ಮೆತ್ತಿಕೊಳ್ಳುತ್ತದೆ. ಬಿಸಿಲಿಗೆ ಒಣಹಾಕಬೇಡಿ, ನಮ್ಮ ಬಿಸಿಲಿಗೆ ಟೇಪು ಸೊಟ್ಟಗಾಗುತ್ತದೆ. ಆಮೇಲೆ ಮನೆಯ ಹೊರಗೆ ನೆರಳಲ್ಲಿ ಕೂತು, ಮೂಗಿಗೆ ಎನ್-95 ಮಾಸ್ಕ್ ಕಟ್ಟಿ, ಕೈಗವಸು ಹಾಕಿ. ಉಬ್ಬಸ ಇರುವವರು, ಸಣ್ಣ ಮಕ್ಕಳು ಹತ್ತಿರ ಬೇಡ.

ಕ್ಯಾಸೆಟ್ಟಿನ ಕೆಳಮೈಗೆ ಐದು ಸ್ಕ್ರೂ ಇರುತ್ತವೆ. ಅವನ್ನು ಬಿಚ್ಚಿ, ಮೇಲುಭಾಗ ಜಾರದಂತೆ ಒತ್ತಿ ಹಿಡಿದು ಕ್ಯಾಸೆಟ್ಟನ್ನು ನೆಟ್ಟಗೆ ತಿರುಗಿಸಿ, ಮುಚ್ಚಳ ಸಾವಕಾಶ ಎತ್ತಿ. ಟೇಪು ಯಾವ ರೋಲರ್ ಮುಂದೆ, ಯಾವ ಕಂಬದ ಹಿಂದೆ ಹಾದುಹೋಗಿದೆ ಎಂದು ಮೊಬೈಲಲ್ಲಿ ಫೋಟೊ ತೆಗೆದುಕೊಳ್ಳಿ. ಸುರುಳಿ ತಿರುಗದಂತೆ ಹಿಡಿಯುವ ಎರಡು ಪುಟ್ಟ ಕೊಕ್ಕೆಗಳಿಗೆ ಸಣ್ಣ ಸ್ಪ್ರಿಂಗ್ ಇವೆ, ಇಲ್ಲಿ ಅವಸರ ಮಾಡಿದವರು ಸ್ಪ್ರಿಂಗ್ ಹುಡುಕುತ್ತ ಕೂರಬೇಕಾಗುತ್ತದೆ. ಬೇಡವಾದ ಒಂದು ಕ್ಯಾಸೆಟ್ ಇಟ್ಟುಕೊಂಡಿದ್ದರೆ ಇನ್ನೂ ಸುಲಭ: ಅದರ ಸುರುಳಿ ತೆಗೆದು, ಆ ಶುದ್ಧ ಕವಚಕ್ಕೆ ನಿಮ್ಮ ಸುರುಳಿ ಕೂರಿಸಿ.

ಸುರುಳಿಯ ಅಂಚಿನ ಬೂಷ್ಟನ್ನು ಒಣ ಮೆತ್ತನೆ ಪೇಂಟ್ ಬ್ರಷ್‌ನಿಂದ ಹೊರಕ್ಕೆ ಗುಡಿಸಿ. ಪ್ಲಾಸ್ಟಿಕ್ ಚಕ್ರಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮೊಬೈಲ್ ರಿಪೇರಿಯವರು ಐಪಿಎ ಎಂದು ಬಳಸುವುದು ಇದನ್ನೇ, 99 ಪ್ರತಿಶತದ್ದು ತನ್ನಿ. ನೀರು, ಸ್ಯಾನಿಟೈಸರ್, ಸೆಂಟು ಯಾವುದೂ ಬೇಡ, ಜಿಡ್ಡು ಉಳಿಯುತ್ತದೆ. ಆಮೇಲೆ ಮೈಕ್ರೊಫೈಬರ್ ಅರಿವೆಯನ್ನು ಮಡಚಿ ಅದರ ನಡುವೆ ಟೇಪನ್ನು ಹಗುರಾಗಿ ಹಿಡಿದು, ಇನ್ನೊಬ್ಬರು ಸುರುಳಿ ಕೈಯಿಂದ ಸುತ್ತುತ್ತ ಹೋಗಲಿ. ಒಂದೆರಡು ಮೀಟರಿಗೊಮ್ಮೆ ಅರಿವೆಯ ಹೊಸ ಮಗ್ಗುಲು ತಿರುಗಿಸಿ. ಅರಿವೆಗೆ ಬಿಳಿ ಹತ್ತಿದರೆ ಸರಿ. ಕಂದು ಪುಡಿ ಹತ್ತಿದರೆ ತಕ್ಷಣ ನಿಲ್ಲಿಸಿ. ಅದು ಚಿತ್ರ ದಾಖಲಾಗಿರುವ ಲೇಪನವೇ ಕಿತ್ತು ಬರುತ್ತಿರುವ ಗುರುತು, ಮನೆಯಲ್ಲಿ ಮಾಡುವ ಕೆಲಸ ಅಲ್ಲಿಗೆ ಮುಗಿಯಿತು.

ವಿಸಿಆರ್ ಕೂಡ ವರ್ಷಗಟ್ಟಲೆ ಸುಮ್ಮನೆ ಕೂತದ್ದೇ ಇರುತ್ತದೆ. ಒಳಗಿನ ರಬ್ಬರ್ ಗಟ್ಟಿಯಾಗಿ ಜಾರಿದರೆ ಟೇಪು ಮುಂದೆ ಬರುತ್ತಲೇ ಇರುತ್ತದೆ, ಸುತ್ತಿಕೊಳ್ಳಬೇಕಾದ ಸುರುಳಿ ಮಾತ್ರ ತಿರುಗುವುದಿಲ್ಲ. ಟೇಪು ‘ತಿನ್ನುವುದು’ ಎಂದು ಹೇಳುವುದು ಇದಕ್ಕೆ. ಹೋದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್ಟನ್ನು ಹತ್ತು ನಿಮಿಷ ಓಡಿಸಿ, ಹಿಂದಕ್ಕೆ ಸುತ್ತಿ ನೋಡಿದ ಮೇಲೆಯೇ ನಿಮ್ಮದು ಹಾಕಿ. ಹೆಡ್ ಒರೆಸುವುದಾದರೆ ಪ್ಲಗ್ ಕಿತ್ತು, ಬಿಳಿ ಕಾಗದದ ಪಟ್ಟಿಯನ್ನು ಐಪಿಎಯಲ್ಲಿ ನೆನೆಸಿ ಹೆಡ್ ಕೂತಿರುವ ತಿರುಗುವ ಡ್ರಮ್ಮಿನ ಪಕ್ಕಕ್ಕೆ ಹಗುರಾಗಿ ಒತ್ತಿ ಹಿಡಿಯಿರಿ. ಕಾಗದ ಅಲುಗಿಸದೆ, ಡ್ರಮ್ಮಿನ ನೆತ್ತಿ ಹಿಡಿದು ಅದನ್ನೇ ಏಳೆಂಟು ಸುತ್ತು ತಿರುಗಿಸಿ. ಕಾಗದವನ್ನು ಮೇಲೆ ಕೆಳಗೆ ಆಡಿಸಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿ ಸುತರಾಂ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಕಾಲು ತಾಸು ಆರಲು ಬಿಡಿ.

ಕ್ಯಾಸೆಟ್ ಹಾಕಿದ ಮೊದಲ ಸಲವೇ ಪ್ರತಿ ಮಾಡಿಕೊಳ್ಳಿ, ಎರಡನೇ ಸಲ ಹೀಗೇ ಓಡುತ್ತದೆಂಬ ಭರವಸೆ ಇಲ್ಲ. ವಿಸಿಆರ್‌ನ ಹಳದಿ ಮತ್ತು ಬಿಳಿ ಕೇಬಲ್ಲನ್ನು ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಸಾಧನಕ್ಕೆ (ವಿಡಿಯೊವನ್ನು ಕಂಪ್ಯೂಟರಿಗೆ ಇಳಿಸುವ ಸಾಧನ) ಸಿಕ್ಕಿಸಿ, ಸಾಫ್ಟ್‌ವೇರ್‌ನಲ್ಲಿ ಪಾಲ್, 720×576, 25 ಫ್ರೇಮ್ ಆರಿಸಿ. ಡಿವಿ ಎಂಬ ಕಡತದ ರೂಪದಲ್ಲಿ ತಾಸಿಗೆ 13 ಜಿಬಿ ಹಿಡಿಯುತ್ತದೆ, ಅಂದರೆ ಇದಕ್ಕೆ ಆರು ಜಿಬಿ ಸಾಕು. ಆ ಕಡತವನ್ನು ಮುಟ್ಟದೆ ಇಟ್ಟು, ನೋಡಲು ಬೇರೆ ಪ್ರತಿ ಮಾಡಿ, ಆಕಾರ 4:3 ಎಂದೇ ಗುರುತು ಹಾಕಿ. ಚಿತ್ರದ ಕೆಳ ಅಂಚಿನಲ್ಲಿ ಕೆಲವು ಗೆರೆ ಹರಿದಂತೆ ಕಾಣುವುದು ವಿಎಚ್‌ಎಸ್‌ನ ಸಹಜ ಗುಣ. ಹೆಡ್ ಬದಲಾಗುವ ಜಾಗ ಅದು.

ಇಲ್ಲಿಯೇ ಒಂದು ಆಸೆ ಹುಟ್ಟುತ್ತದೆ. ‘ಎಐ ಹಾಕಿ ಶುದ್ಧ ಮಾಡಿಕೊಡುತ್ತೇವೆ, 4ಕೆ ಮಾಡಿಕೊಡುತ್ತೇವೆ’ ಎನ್ನುವವರು ಊರೂರಲ್ಲಿ ಇದ್ದಾರೆ. ಬೇಡ. ಟೇಪಿನ ಕಸ ಯಾವುದು, ಕಲಾವಿದರ ಗೀರು ಯಾವುದು ಎಂದು ಆ ಯಂತ್ರಕ್ಕೆ ತಿಳಿಯುವುದಿಲ್ಲ, ಎರಡನ್ನೂ ಒರೆಸುತ್ತದೆ. ನೀವೇ ಬೇರ್ಪಡಿಸಿ ನೋಡಬಹುದು. ವಿಎಲ್‌ಸಿಯಲ್ಲಿ (ಕಂಪ್ಯೂಟರಿನಲ್ಲಿ ವಿಡಿಯೊ ಓಡಿಸುವ ಸಾಫ್ಟ್‌ವೇರ್) ಸಿನಿಮಾ ನಿಲ್ಲಿಸಿ ಕೀಬೋರ್ಡಿನ ಇಂಗ್ಲಿಷ್ ‘ಇ’ ಒತ್ತುತ್ತ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ಹಿಮಗೊಂಬೆ ಬಾಗಿಲಲ್ಲಿ ನಿಂತ ಕಡೆ ಹೀಗೆ ಮಾಡಿ. ಟೇಪಿನ ಕಸ ಪ್ರತಿ ಫ್ರೇಮಿಗೂ, ಕಪ್ಪು ಜಾಗದಲ್ಲೂ ಆಕಾಶದಲ್ಲೂ ಒಂದೇ ಸಮ ಕುದಿಯುತ್ತದೆ. ಕ್ರೇಯಾನ್ ಗೀರು ಹಾಗಲ್ಲ: ಚಿತ್ರ ಬದಲಾಗುವವರೆಗೆ ಅಲ್ಲಾಡದೆ ಕೂತು, ಬದಲಾದಾಗ ಗೊಂಬೆಯ ಆಕಾರದೊಳಗೆ ಮಾತ್ರ ಸರಿಯುತ್ತದೆ. ಹತ್ತು ಫ್ರೇಮ್ ನೋಡುವುದರೊಳಗೆ ಕಣ್ಣಿಗೆ ಹಿಡಿಸುತ್ತದೆ. ಚಿತ್ರಕಲೆ ಇಷ್ಟಪಡುವ ಮಕ್ಕಳಿದ್ದರೆ ಪ್ರದರ್ಶನದ ಮೊದಲು ಇಷ್ಟನ್ನು ಅವರಿಗೆ ಖಂಡಿತ ತೋರಿಸಿ.

ಮಾಳಿಗೆಗೆ ಪ್ರೊಜೆಕ್ಟರ್ ತರುತ್ತೀರಾದರೆ ಡಿಸೆಂಬರ್ ಕೊನೆಗೆ ನಮ್ಮಲ್ಲಿ ಆರೂಮುಕ್ಕಾಲಿಗೆ ಒಳ್ಳೆಯ ಕತ್ತಲಾಗುತ್ತದೆ. ಎಂಟಡಿ ಅಗಲ, ಆರಡಿ ಎತ್ತರದ ಪರದೆ ಸರಿಹೊಂದುತ್ತದೆ. ಒಂಟಿ ಬೆಡ್‌ಶೀಟಿನಲ್ಲಿ ಸಾಕಷ್ಟು ಬೆಳಕು ಹಿಂದಕ್ಕೆ ತೂರಿಹೋಗುತ್ತದೆ. ಎರಡು ಪದರ ಮಾಡಿ ಅಥವಾ ಸುಣ್ಣ ಬಳಿದ ಗೋಡೆ ಇದ್ದರೆ ಅದಕ್ಕೇ ಬಿಡಿ. ಬಟ್ಟೆಯ ಕೆಳ ಅಂಚಿಗೆ ಬಿದಿರು ಗಳ ಹೊಲಿದು ಕಟ್ಟದಿದ್ದರೆ ಗಾಳಿಗೆ ಚಿತ್ರ ಅಲೆಯಾಗುತ್ತದೆ. ಸ್ಪೀಕರ್ ಪರದೆಯ ಪಕ್ಕದಲ್ಲಿರಲಿ, ಬಾಸ್ ಕಡಿಮೆ ಇರಲಿ. ಮಾತಿಲ್ಲದ ಸಿನಿಮಾ ಇದು. ಯಾರು ಏನು ಎಂದು ಹೇಳುವುದೆಲ್ಲ ವಾದ್ಯಗಳೇ. ಹಿಂದಿನಿಂದ ಕನ್ನಡದಲ್ಲಿ ಕಥೆ ವಿವರಿಸುವ ಉತ್ಸಾಹವನ್ನು ದೊಡ್ಡವರು ತಡೆದುಕೊಳ್ಳಬೇಕು. ಟಿಕೆಟ್ ಇಟ್ಟು ಅಥವಾ ಚಂದಾ ಎತ್ತಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕು. ನಿಮ್ಮ ಪ್ರತಿಯನ್ನು ಯೂಟ್ಯೂಬ್‌ಗೆ ಏರಿಸಲೂಬೇಡಿ.

ಮಕ್ಕಳು ಕೇಳುವ ಪ್ರಶ್ನೆ ಒಂದೇ ಇರುತ್ತದೆ: ಗೊಂಬೆ ಯಾಕೆ ಕರಗಿತು? ಬ್ರಿಗ್ಸ್ ಪುಸ್ತಕದಲ್ಲಿ ಕ್ರಿಸ್‌ಮಸ್ಸೂ ಇಲ್ಲ, ತಾತನೂ ಇಲ್ಲ, ಉತ್ತರ ಧ್ರುವದ ಕುಣಿತವೂ ಇಲ್ಲ. ಅವೆಲ್ಲ ಸಿನಿಮಾದವರು ಸೇರಿಸಿದ್ದು. ಕರಗುವುದು ಮಾತ್ರ ಎರಡರಲ್ಲೂ ಇದೆ. ಮೋಟರ್‌ಸೈಕಲ್ ಸವಾರಿಯಲ್ಲಿ ಎಂಜಿನ್ ಕಾವಿಗೆ ಗೊಂಬೆಯ ಕಾಲು ಕರಗತೊಡಗಿ, ಅದು ಫ್ರೀಜರಿನೊಳಗೆ ಮಲಗಿ ತಣ್ಣಗಾಗುವಲ್ಲೇ ಕಥೆ ಮುನ್ಸೂಚನೆ ಕೊಟ್ಟಿರುತ್ತದೆ. ಆ ಕಡೆ ಮಕ್ಕಳ ಗಮನ ಇತ್ತೋ ಎಂದು ಆಮೇಲೆ ಕೇಳಿ. ಇಂಗ್ಲೆಂಡಿನ ಬ್ರೈಟನ್ ಊರಿನ ಮೇಲೆ ಹಾರುವಾಗ ಗುಮ್ಮಟ, ಮಿನಾರುಗಳ ಒಂದು ಅರಮನೆ ಬರುತ್ತದೆ. ನಮ್ಮ ಕಡೆಯದೇ ಅನ್ನಿಸಿದರೆ ಆಶ್ಚರ್ಯವಿಲ್ಲ, ರಾಯಲ್ ಪೆವಿಲಿಯನ್ ಎಂಬ ಆ ಅರಮನೆಯ ಹೊರರೂಪವನ್ನು ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರ ನಂತರ ಭಾರತದ ಶೈಲಿಯಲ್ಲೇ ಕಟ್ಟಿದ್ದು.

ಹಿಮ ಕಾಣದ ಮಕ್ಕಳಿಗೆ ಒಂದಿಷ್ಟು ಮುಟ್ಟಿಸಬಹುದು. ಸಿಂಗಲ್ ಡೋರ್ ಫ್ರಿಜ್ಜಿನ ಫ್ರೀಜರ್ ಗೋಡೆಗೆ ಕಟ್ಟುವ ಪುಡಿ ಹಿಮವನ್ನು ಪ್ಲಾಸ್ಟಿಕ್ ಸೌಟಿನಿಂದ ಕೆರೆದು ತೆಗೆಯಿರಿ; ಚಾಕು ಹಾಕಿದರೆ ಗ್ಯಾಸ್ ಕೊಳವೆ ತೂತಾಗುತ್ತದೆ. ಎರಡು ಬಟ್ಟಲು ಸಿಕ್ಕರೆ ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಕಟ್ಟಬಹುದು. ಫ್ರೀಜರಿನಿಂದ ತೆಗೆದ ಕೂಡಲೇ ಪುಡಿ ಉದುರುತ್ತದೆ, ಅರೆನಿಮಿಷ ಕೈಯ ಕಾವು ತಾಗಿದರೆ ಅಂಟುತ್ತದೆ. ಕೊರೆಯುವ ಚಳಿಯಲ್ಲಿ ಬಿದ್ದ ಒಣ ಹಿಮದಿಂದ ಗೊಂಬೆ ಆಗುವುದಿಲ್ಲ, ಸೊನ್ನೆ ಡಿಗ್ರಿಯ ಆಸುಪಾಸಿನ ತೇವದ ಹಿಮವೇ ಬೇಕು. ಅಂದರೆ ಗೊಂಬೆ ಕಟ್ಟಲು ಬರುವ ದಿನ ಕರಗುವ ದಿನಕ್ಕೆ ಹತ್ತಿರವೇ ಇರುತ್ತದೆ. ಎರಡು ಉಂಡೆ ಮಾಡಿ, ಒಂದನ್ನು ತಟ್ಟೆಯಲ್ಲಿ ಬಯಲಿಗಿಡಿ, ಇನ್ನೊಂದನ್ನು ಕಂಬಳಿ ತುಂಡಿನಲ್ಲಿ ಸುತ್ತಿಡಿ. ಕಂಬಳಿಯದು ಬೇಗ ಕರಗುತ್ತದೆ ಎಂದು ಹೆಚ್ಚಿನ ಮಕ್ಕಳು ಪಣ ಕಟ್ಟುತ್ತಾರೆ. ಬಿಚ್ಚಿ ನೋಡಲಿ, ಕಂಬಳಿ ಹೊರಗಿನ ಕಾವನ್ನೂ ತಡೆಯುತ್ತದೆ.

ಪ್ರತಿ ಮಾಡಿಕೊಂಡ ಮೇಲೆ ಕ್ಯಾಸೆಟ್ಟನ್ನು ಪೂರ್ತಿ ಒಂದೇ ಬದಿಗೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಹೊಸ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮನೆಯ ನಡುಕೋಣೆಯಲ್ಲಿಡಿ. ತಗಡಿನ ಕೆಳಗಿನ ಅಟ್ಟ ಬೇಡ, ಸ್ಪೀಕರಿನ ಪಕ್ಕವೂ ಬೇಡ. ಪ್ರತಿ ಮಾಡುವಾಗ ಚಿತ್ರ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತ ಇದ್ದರೆ ಅದು ಟೇಪಿನ ದೋಷವಾಗಿರಲಿಕ್ಕಿಲ್ಲ. ಕೆಲವು ಕಂಪನಿ ಕ್ಯಾಸೆಟ್ಟುಗಳಿಗೆ ನಕಲು ತಡೆಯುವ ಸಂಕೇತ ಸೇರಿಸಿರುತ್ತಿದ್ದರು. ಹಾಗೇನಾದರೂ ಆದರೆ ವಿಸಿಆರ್ ಮಾದರಿಯ ಹೆಸರು, ಕ್ಯಾಪ್ಚರ್ ಸಾಧನದ ಹೆಸರು, ಕ್ಯಾಸೆಟ್ ಲೇಬಲ್ಲಿನ ಫೋಟೊ ಹಾಕಿ ಮತ್ತೆ ಬರೆಯಿರಿ.

— ಸಂ.